ತಂಡದ ಹೆಸರು ಹನ್ನೊಂದು

ಅಮೆರಿಕದ ಹಳೆಯ ಕಾಲೇಜು ಪತ್ರಿಕೆಗಳ ಕ್ರೀಡಾಸುದ್ದಿಯಲ್ಲಿ ತಂಡವನ್ನು ತಂಡ ಎನ್ನುವುದಕ್ಕಿಂತ ಅಂಕಿಯಿಂದ ಕರೆಯುವುದೇ ರೂಢಿ. 'ಇಲೆವೆನ್' ಅಂದರೆ ಅಮೆರಿಕನ್ ಫುಟ್‌ಬಾಲ್ ತಂಡ, 'ನೈನ್' ಅಂದರೆ ಬೇಸ್‌ಬಾಲ್ ತಂಡ. 'ಆಡುವ ಹನ್ನೊಂದರ ಬಳಗ' ಎಂದು ಕ್ರಿಕೆಟ್ ವರದಿಗಳಲ್ಲಿ ಓದಿ ಬೆಳೆದ ನಮಗೆ ಇದರಲ್ಲಿ ವಿಚಿತ್ರವೇನಿಲ್ಲ. ಆದರೆ ಯಾವ ಆಟದ ಹನ್ನೊಂದು, ಯಾವ ವರ್ಷದಿಂದ ಹನ್ನೊಂದು ಎಂದು ಹುಡುಕಲು ಕೂತಾಗ ಅದು ಅಷ್ಟು ಸಲೀಸಾಗಿರಲಿಲ್ಲ.

ನಾನು ಹೆಚ್ಚಾಗಿ ನೋಡಿದ್ದು ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್ ವಿದ್ಯಾರ್ಥಿಗಳ ಪತ್ರಿಕೆಗಳನ್ನು. ಹಾರ್ವರ್ಡ್‌ನದು 1873ರಲ್ಲಿ 'ಮೆಜೆಂಟಾ' ಎಂದು ಹುಟ್ಟಿ, 1875ರಲ್ಲಿ 'ಕ್ರಿಮ್ಸನ್' ಆಯಿತು. ಪ್ರಿನ್ಸ್‌ಟನ್ನಿನದು 1876ರದು, ಯೇಲ್‌ನದು 1878ರದು. ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಸಿಗುತ್ತವೆ, ಪದ ಕೊಟ್ಟು ಹುಡುಕಲೂಬಹುದು.

ಬರೀ 'ಇಲೆವೆನ್' ಎಂದು ಹುಡುಕಿದರೆ ಗಂಟೆ, ಬೆಲೆ, ಸ್ಕೋರು ಎಲ್ಲ ಬಂದು ಬೀಳುತ್ತವೆ. ಅದಕ್ಕೆ ಆ ಪದದ ಮೊದಲು 'ಅವರ್' (ನಮ್ಮ), 'ಯೂನಿವರ್ಸಿಟಿ', 'ಫ್ರೆಶ್‌ಮನ್' (ಮೊದಲ ವರ್ಷದ ವಿದ್ಯಾರ್ಥಿ) ಸೇರಿಸಿ ಹುಡುಕಿದೆ. ತರಗತಿಯ ವರ್ಷ ಸೇರಿದಾಗ ಇನ್ನೊಂದು ಮಜಾ: 'ಸೆವೆಂಟಿಸೆವೆನ್ ನೈನ್' ಅಂದರೆ 1877ರಲ್ಲಿ ಪದವಿ ಪಡೆಯಲಿರುವವರ ಬೇಸ್‌ಬಾಲ್ ತಂಡ. ಎರಡು ಅಂಕಿ ಪಕ್ಕಪಕ್ಕ, ಒಂದು ಕಾಲ, ಇನ್ನೊಂದು ಜನ. ಸಿಕ್ಕ ಪ್ರತಿ ವಾಕ್ಯಕ್ಕೂ ಒಂದು ಚೀಟಿ ಬರೆದು, ಅದರಲ್ಲಿ ವರ್ಷ ಮತ್ತು ಆಟ ನಮೂದಿಸುತ್ತ ಹೋದೆ.

ಚೀಟಿಗಳ ಪಕ್ಕದಲ್ಲಿ ಆ ವರ್ಷದ ಆಟದ ನಿಯಮವನ್ನೂ ಇಟ್ಟುಕೊಳ್ಳಲೇಬೇಕು. 1875ರ ನವೆಂಬರ್ 13ರಂದು ಹಾರ್ವರ್ಡ್ ಮತ್ತು ಯೇಲ್ ಮೊದಲ ಸಲ ಫುಟ್‌ಬಾಲ್ ಆಡಿದಾಗ ಒಂದೊಂದು ಕಡೆ 15 ಜನ. ಹನ್ನೊಂದೇ ಜನ ಸಾಕು ಎಂಬುದು ಯೇಲ್‌ನವರ ಹಟ. 1873ರಲ್ಲಿ ಇಂಗ್ಲೆಂಡಿನ ಈಟನ್ ಶಾಲೆಯ ಹಳೆ ವಿದ್ಯಾರ್ಥಿಗಳ ಜೊತೆ ಹಾಗೆ ಆಡಿ ಅವರಿಗೆ ರುಚಿ ಹತ್ತಿತ್ತು. ಕೊನೆಗೆ ಯೇಲ್‌ನ ವಾಲ್ಟರ್ ಕ್ಯಾಂಪ್ ಮುಂದಿಟ್ಟ ಸೂಚನೆಯಂತೆ 1880ರಲ್ಲಿ ಹನ್ನೊಂದು ನಿಯಮವಾಯಿತು. ಹೀಗಾಗಿ 1870ರ ದಶಕದ ಚೀಟಿಯಲ್ಲಿ 'ಇಲೆವೆನ್' ಕಂಡರೆ ಮೊದಲು ಕ್ರಿಕೆಟ್ ಇರಬಹುದೇ ಎಂದು ನೋಡುತ್ತೇನೆ. ನಂಬಲು ಕಷ್ಟವಾದರೂ ಆಗ ಫಿಲಡೆಲ್ಫಿಯ ಸುತ್ತಮುತ್ತ ಕ್ರಿಕೆಟ್ ಜೋರಾಗಿತ್ತು. ಹ್ಯಾವರ್‌ಫರ್ಡ್ ಕಾಲೇಜು ಅದಕ್ಕೇ ಹೆಸರುವಾಸಿ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಅಂಕಿ ತನ್ನ ಲೆಕ್ಕವನ್ನೇ ಮರೆಯುವ ಪರಿ. 'ನೈನ್'ಗೆ ಆಯ್ಕೆ ಬಯಸಿ ಅಭ್ಯಾಸಕ್ಕೆ ಬಂದವರು ಒಂಬತ್ತಕ್ಕಿಂತ ಎಷ್ಟೋ ಹೆಚ್ಚು. ಮೊದಲ ತಂಡಕ್ಕೆ ಅಭ್ಯಾಸ ಮಾಡಿಸಲು 'ಸೆಕೆಂಡ್ ಇಲೆವೆನ್' ಬೇರೆ. ಆ ಹೊತ್ತಿಗೆ ಹನ್ನೊಂದು ಎಣಿಕೆಯಾಗಿ ಉಳಿದಿರಲಿಲ್ಲ, ಸಂಸ್ಥೆಯಾಗಿತ್ತು. ಅದಕ್ಕೆ ನಾಯಕ, ಗೌರವ, ಅವಮಾನ ಎಲ್ಲವೂ ಇದ್ದವು.

ದೋಣಿ ಸ್ಪರ್ಧೆಯ ಚೀಟಿಗಳು ಕಡಿಮೆ, ಅಲ್ಲಿ 'ಕ್ರೂ' (ದೋಣಿ ನಡೆಸುವ ತಂಡ) ಎಂಬ ಮಾತೇ ಮುಂದು. ಆದರೂ ಹಾರ್ವರ್ಡ್ ಮತ್ತು ಯೇಲ್ 1876ರಲ್ಲಿ ಎಂಟು ಹುಟ್ಟಿನ ದೋಣಿಗೆ ಬಂದವು, ಅದಕ್ಕೆ ಮೊದಲು ಆರು ಎಂಬುದು ತಿಳಿದಿದ್ದರೆ 'ಸಿಕ್ಸ್' ಕಂಡಾಗ ಗಲಿಬಿಲಿಯಾಗುವುದಿಲ್ಲ.

ಈ ಕೆಲಸಕ್ಕೆ ಇಳಿಯುವವರು 'ಫಿಫ್ಟೀನ್' ಜೊತೆಗೆ 'ಟ್ವೆಂಟಿ'ಯನ್ನೂ ಹುಡುಕಿ. 1873ರಲ್ಲಿ ಯೇಲ್, ಪ್ರಿನ್ಸ್‌ಟನ್, ರಟ್ಗರ್ಸ್ ಕೂಡಿ ಒಪ್ಪಿದ ನಿಯಮದಲ್ಲಿ ಒಂದು ಕಡೆಗೆ 20 ಜನ.