ಮಾಯಾರಾಜ್ಯದ ಪಕ್ಕದಲ್ಲೇ ಮಾಯೆಯಿಲ್ಲದ ರಾಜ್ಯ ಉಳಿಯುವುದು ಹೇಗೆ: ನನ್ನ ಅನುಭವ

ತೀರ್ಥಹಳ್ಳಿಯಲ್ಲಿ ಕುಳಿತು ಬರೆಯುತ್ತಿರುವ ನನ್ನ ಕಾದಂಬರಿಯಲ್ಲಿ ಮಾಂತ್ರಿಕರ ನಾಡು ನೆರೆಯ ಸಾಮಾನ್ಯರ ನಾಡನ್ನು ಒಂದೇ ದಿನದಲ್ಲಿ ಗೆಲ್ಲಬಹುದಿತ್ತು. ಹಾಗಾಗಿ ಗಡಿಗೆ ಅರ್ಥವೇ ಇರಲಿಲ್ಲ. ಒಪ್ಪಂದ ಬರೆದೆ, ಅದನ್ನು ಮುರಿಯದಿರಲು ಕಾರಣ ಸಿಗಲಿಲ್ಲ. ಮಂತ್ರನಿರೋಧಕ ಗೋಡೆ ಕಟ್ಟಿದರೆ ಅದನ್ನು ಕಟ್ಟಿದವರಾರು ಎಂಬ ಪ್ರಶ್ನೆ ಎದ್ದಿತು. ಮಂತ್ರಕ್ಕೆ ಆಯುಷ್ಯದ ಬೆಲೆಯಿಟ್ಟಾಗ ಮಾಂತ್ರಿಕರೇ ಉಳಿಯಲಿಲ್ಲ.

ಪರಿಹಾರ ದೊರೆತದ್ದು ಮಳೆಯ ಲೆಕ್ಕದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿದರೆ, 100 ಕಿ.ಮೀ.ಗಿಂತ ಕಡಿಮೆ ದೂರದ ಶಿವಮೊಗ್ಗದಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಏಕೆಂದರೆ ಅರಬ್ಬಿ ಸಮುದ್ರದ ಮೋಡಗಳು ಘಟ್ಟವೇರುವಾಗಲೇ ಬಹುಪಾಲು ಬರಿದಾಗುತ್ತವೆ. ಮಾಯೆಯನ್ನೂ ಹಾಗೆಯೇ ನೆಲಕ್ಕೆ ಕಟ್ಟಿದೆ, ಜನರಿಗಲ್ಲ.

ಮೊದಲು ಘಟ್ಟದ ನೆತ್ತಿಯನ್ನು ಗೆರೆಯಾಗಿ ಎಳೆದು ಅಲ್ಲಿ ಮಾಯೆಯ ಬಲ 64 ಎಂದಿಟ್ಟೆ. ಪೂರ್ವಕ್ಕೆ ಪ್ರತಿ 3 ಗಾವುದಕ್ಕೆ ಅದು ಅರ್ಧವಾಗುತ್ತದೆ. 9 ಗಾವುದದಲ್ಲಿ ಉಳಿಯುವ 8ರ ಬಲಕ್ಕೆ ದೀಪ ಹೊತ್ತೀತು, ಕೋಟೆಯ ಬಾಗಿಲು ತೆರೆಯದು, ಗಡಿ ಅಲ್ಲಿಯೇ. ಬಳಿಕ ಮಳೆಗಾಲದ ನಾಲ್ಕು ತಿಂಗಳು ಎಲ್ಲೆಡೆ ಬಲವನ್ನು ಇಮ್ಮಡಿ ಮಾಡಿದೆ. ಗಡಿ ತಾನಾಗಿ 3 ಗಾವುದ ಪೂರ್ವಕ್ಕೆ ಸರಿದು, ಆ ಪಟ್ಟಿಯ ಊರುಗಳು ಆಷಾಢದಲ್ಲಿ ಒಬ್ಬ ಅರಸನಿಗೂ ಮಾಘದಲ್ಲಿ ಇನ್ನೊಬ್ಬನಿಗೂ ಕಂದಾಯ ಕೊಡುವಂತಾಯಿತು. ಕಥೆಯ ಜೀವ ಈ ಪಟ್ಟಿಯಲ್ಲಿಯೇ ಇದೆ.

ನಂತರ, ಬಲ 16 ಮೀರಿದ ನೆಲದಲ್ಲಿ ಭತ್ತ ಜೊಳ್ಳಾಗುತ್ತದೆ ಎಂಬ ನಿಯಮ ಸೇರಿಸಿದ್ದರಿಂದ ಮಾಂತ್ರಿಕರಿಗೆ ನೆರೆಯವರ ಅಕ್ಕಿ ಅನಿವಾರ್ಯವಾಯಿತು. ಅರಸರ ವಂಶಾವಳಿಯನ್ನು ಬರೆದದ್ದು ಎಲ್ಲಕ್ಕಿಂತ ಕೊನೆಗೆ.