ಗಾಜಿನ ಬೆನ್ನಿಗೆ ಕರಿ ಬಣ್ಣ: ನನ್ನ ಆರ್‌ಪಿಸಿ ಅನುಭವ

ಮಂಡ್ಯದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ಪುಟ್ಟ ಆರ್‌ಪಿಸಿ ಮಾಡೋಣ ಅಂತ ಹೊರಟಾಗ, ಗ್ಯಾಸ್ ಹೊಂದಿಸೋದೇ ಕಷ್ಟ ಅಂದುಕೊಂಡಿದ್ದೆ. ಎರಡು ತಿಂಗಳು ತಿಂದಿದ್ದು ಗಾಜಿಗೆ ಬಳಿಯೋ ಕರಿ ಬಣ್ಣ.

ಆರ್‌ಪಿಸಿ ಅಂದರೆ ರೆಸಿಸ್ಟಿವ್ ಪ್ಲೇಟ್ ಚೇಂಬರ್, ತನ್ನೊಳಗೆ ಹಾದುಹೋಗೋ ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳನ್ನು ಪತ್ತೆ ಹಚ್ಚೋ ಸಾಧನ. 1981ರಲ್ಲಿ ಇಟಲಿಯ ಸಂಟೋನಿಕೊ ಮತ್ತು ಕಾರ್ಡರೆಲ್ಲಿ ಇದನ್ನು ಬೇಕಲೈಟ್ ಹಲಗೆಯಲ್ಲಿ ಮಾಡಿದರು. ಬೇಕಲೈಟ್ ಆದರೆ ಒಳಮೈ ನುಣುಪಾಗಲು ಅಗಸೆ ಎಣ್ಣೆ ಸವರುತ್ತಾರೆ, ಅದು ಸರಿಯಾಗಿ ಒಣಗದಿದ್ದರೆ ಮುಂದೆ ಕಾಟ ತಪ್ಪಿದ್ದಲ್ಲ. ಕಿಟಕಿಗೆ ಹಾಕೋ 3 ಮಿಲಿಮೀಟರ್ ಗಾಜಿಗೆ ಆ ರಗಳೆ ಇಲ್ಲ, ಪೇಟೆಯಲ್ಲೇ ಕತ್ತರಿಸಿ ಕೊಡುತ್ತಾರೆ. 30 ಸೆಂಟಿಮೀಟರ್ ಚದರದ ಎರಡು ಗಾಜು, ನಡುವೆ ಪ್ಲಾಸ್ಟಿಕ್ ಗುಂಡಿ ಅಂಟಿಸಿ ಬಿಟ್ಟ 2 ಮಿಲಿಮೀಟರ್ ಸಂದು, ಆ ಸಂದಿನಲ್ಲಿ ಗ್ಯಾಸ್. ಎರಡೂ ಹೊರಮೈಗಳ ನಡುವೆ ಸುಮಾರು 10 ಸಾವಿರ ವೋಲ್ಟ್.

ಈ ವೋಲ್ಟೇಜ್ ಗಾಜಿನ ಮೈಯೆಲ್ಲ ಹರಡಬೇಕಲ್ವಾ, ಅದಕ್ಕೇ ಗ್ರಾಫೈಟ್ ಬಣ್ಣ. ತಾಮ್ರದ ಹಾಳೆ ಅಂಟಿಸಿದರೆ ಆಗಲ್ವಾ ಸಾರ್ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ವೋಲ್ಟೇಜೇನೋ ಹರಡುತ್ತದೆ, ಆದರೆ ಕಣ ಹಾದುಹೋದಾಗ ಒಳಗೆ ಹುಟ್ಟೋ ಪಲ್ಸನ್ನು ಆ ತಾಮ್ರ ಮರೆ ಮಾಡಿಬಿಡುತ್ತದೆ, ಪಲ್ಸ್ ಹಿಡಿಯೋಕೆ ಹೊರಗಿಟ್ಟ ಪಿಕಪ್ ಪಟ್ಟಿಗಳಿಗೆ ಏನೂ ಸಿಗುವುದಿಲ್ಲ. ಹಾಗಂತ ಬಣ್ಣದ ರೆಸಿಸ್ಟೆನ್ಸ್ ವಿಪರೀತ ಜಾಸ್ತಿ ಆದರೆ ಕಣ ಬಿದ್ದ ಜಾಗಕ್ಕೆ ಚಾರ್ಜ್ ಮತ್ತೆ ಬಂದು ತುಂಬಲು ತಡ. ನಾನು ಇಟ್ಟುಕೊಂಡ ಗುರಿ ಚದರಕ್ಕೆ 1 ಮೆಗಾಓಮ್ ಆಸುಪಾಸು. ಇಲ್ಲಿ ಚದರ ಅಂದರೆ ಯಾವ ಅಳತೆಯ ಚದರವಾದರೂ ಸರಿ, ಉದ್ದ ಹೆಚ್ಚಿದಷ್ಟೇ ಅಗಲವೂ ಹೆಚ್ಚುವುದರಿಂದ ಓಮ್ ಬದಲಾಗುವುದಿಲ್ಲ.

ಅಳೆಯೋಕೆ ಒಂದು ಮರದ ತುಂಡಿಗೆ 5 ಸೆಂಟಿಮೀಟರ್ ಉದ್ದದ ಎರಡು ಹಿತ್ತಾಳೆ ಪಟ್ಟಿಗಳನ್ನು 5 ಸೆಂಟಿಮೀಟರ್ ದೂರದಲ್ಲಿ ಕೂರಿಸಿ ಮಲ್ಟಿಮೀಟರ್‌ಗೆ ಜೋಡಿಸಿದೆ. ಕರೆಂಟ್ ಪಕ್ಕದಿಂದಲೂ ಸುತ್ತಿ ಹರಿಯುವುದರಿಂದ ರೀಡಿಂಗ್ ನಿಜಕ್ಕಿಂತ ಕಮ್ಮಿಯೇ ಬರುತ್ತದೆ. ಪರವಾಗಿಲ್ಲ, ನನಗೆ ಮುಖ್ಯವಾಗಿ ಬೇಕಿದ್ದದ್ದು ಒಂದು ಮೂಲೆಗೂ ಇನ್ನೊಂದಕ್ಕೂ ಇರೋ ವ್ಯತ್ಯಾಸ.

ಮೊದಲ ಗಾಜಿಗೆ ಬ್ರಶ್ಶಿನಲ್ಲೇ ಬಳಿದೆ. ಒಂದು ಕಡೆ 200 ಕಿಲೋಓಮ್, ನಾಲ್ಕು ಬೆರಳು ಆಚೆ 4 ಮೆಗಾಓಮ್. ಬೆಳಕಿಗೆ ಹಿಡಿದರೆ ಗೆರೆ ಗೆರೆ, ಉಳುಮೆ ಮಾಡಿದ ಹೊಲದ ಹಾಗೆ. ಒರೆಸಿ ಮತ್ತೆ ಬಳಿದೆ, ಮತ್ತೆ ಅದೇ ಕಥೆ.

ಕೊನೆಗೆ ಬಣ್ಣದ ಡಬ್ಬಿ, ಗಾಜು ಎರಡನ್ನೂ ಹಿಡಿದು ಕಾರಿಗೆ ಪೇಂಟ್ ಹೊಡೆಯೋ ಶೆಡ್ಡಿಗೆ ಹೋದೆ. "ಕನ್ನಡಿ ಮಾಡ್ತಿದೀರಾ ಸಾ?" ಅಂದ ಪೇಂಟರ್. ವಿವರಿಸಿದೆ. ಅರ್ಧ ಕೇಳಿ, ಬಣ್ಣವನ್ನು ಕಡ್ಡಿಯಲ್ಲಿ ಎತ್ತಿ ನೋಡಿ, ಇನ್ನೂ ತಿನ್ನರ್ ಬೇಕು ಅಂದ. ಆಮೇಲೆ ಅವನು ಕಲಿಸಿದ್ದು ಯಾವ ಸಂಶೋಧನಾ ಪೇಪರಿನಲ್ಲೂ ನನಗೆ ಸಿಕ್ಕಿರಲಿಲ್ಲ. ಗನ್ ಒಂದು ಗೇಣು ದೂರ ಇರಬೇಕು, ಗಾಜಿನ ಹೊರಗೇ ಟ್ರಿಗರ್ ಒತ್ತಿ ಒಳಗೆ ಬರಬೇಕು, ಆಚೆ ಅಂಚು ದಾಟಿದ ಮೇಲೇ ಬಿಡಬೇಕು, ಪ್ರತಿ ಸಾಲೂ ಹಿಂದಿನ ಸಾಲನ್ನು ಅರ್ಧ ಮುಚ್ಚಬೇಕು. "ಕೈ ನಿಲ್ಸಬೇಡಿ ಸಾ, ನಿಂತ್ರೆ ಸೋರ್ತದೆ." ಗ್ರಾಫೈಟ್ ಬೇಗ ತಳ ಸೇರುತ್ತದೆ, ಹಾಗಾಗಿ ಸಾಲಿಗೊಮ್ಮೆ ಕಪ್ ಅಲ್ಲಾಡಿಸೋದು ನಾನು ಸೇರಿಸಿಕೊಂಡ ಪಾಠ. ಒಂದೇ ಸಲ ದಪ್ಪ ಹೊಡೆಯದೆ ಮೂರು ತೆಳು ಕೋಟ್.

ಜುಲೈ ತಿಂಗಳ ಜಡಿಮಳೆಯಲ್ಲಿ ಇನ್ನೊಂದು ಗಾಜು ಹಾಳಾಯಿತು, ಬಿಳಿ ಬಿಳಿ ಚುಕ್ಕೆ. ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಕೂತಿತ್ತು, ಕೆಳಗಿನ ಬಿರಡೆ ಬಿಚ್ಚಿದರೆ ಲೋಟದಷ್ಟು ಬಂತು! ಅಂಚಿನಲ್ಲಿ 1 ಸೆಂಟಿಮೀಟರ್ ಟೇಪ್ ಹಾಕಿ ಖಾಲಿ ಬಿಡೋದನ್ನು ಮಾತ್ರ ಮರೆಯಲಿಲ್ಲ, ಇಲ್ಲದಿದ್ದರೆ ಅಲ್ಲೇ ಕಿಡಿ ಹಾರುತ್ತದೆ.

ಮಾರನೇ ದಿನವೇ ಅಳೆದು ಖುಷಿಪಡಬೇಡಿ. ತಿನ್ನರ್ ಪೂರ್ತಿ ಆರೋವರೆಗೂ ರೀಡಿಂಗ್ ಸರಿಯುತ್ತಲೇ ಇರುತ್ತದೆ. ವಾರ ಬಿಟ್ಟು ನೋಡಿದಾಗ ನನ್ನ ಗಾಜಿನಲ್ಲಿ 700 ಕಿಲೋಓಮ್‌ನಿಂದ 1.2 ಮೆಗಾಓಮ್ ಒಳಗೆ ನಿಂತಿತ್ತು.

ಗ್ಯಾಸಿನ ಪೈಪಿಗೂ ತೇವದ ಭಯ ಇದೆ. ಜಪಾನಿನಲ್ಲಿ ಗಾಜಿನ ಆರ್‌ಪಿಸಿ ಬಳಸಿದ್ದ ಬೆಲ್ (Belle) ಅನ್ನೋ ದೊಡ್ಡ ಕಣ ಪ್ರಯೋಗದಲ್ಲಿ ಪ್ಲಾಸ್ಟಿಕ್ ಪೈಪಿನ ಮೂಲಕ ತೇವ ನುಸುಳಿ, ಗ್ಯಾಸಿನ ಫ್ಲೋರಿನ್ ಜೊತೆ ಸೇರಿ ಆಸಿಡ್ ಆಗಿ ಗಾಜನ್ನೇ ಕೆಡಿಸಿತ್ತು, ಆಮೇಲೆ ತಾಮ್ರದ ಪೈಪ್ ಹಾಕಿದರು. ನಾನೂ ತಾಮ್ರವೇ ಹಾಕಿದೆ, ಫ್ರಿಜ್ ರಿಪೇರಿಯವರ ಹತ್ತಿರ ಸಿಗುತ್ತದೆ.

ಮೊದಲ ಪಲ್ಸ್ ಆಸಿಲೋಸ್ಕೋಪಿನಲ್ಲಿ ಕಂಡ ದಿನ ಪೇಂಟರ್‌ಗೆ ಫೋನ್ ಮಾಡಿದೆ. ಸಂಜೆ ಬಂದ. ಗೆರೆ ಎಗರಿದ್ದನ್ನು ಒಂದೆರಡು ಸಲ ನೋಡಿ, ಚೇಂಬರಿನ ಕಡೆ ತಿರುಗಿ, "ಈ ಮೂಲೇಲಿ ಕೋಟ್ ತೆಳು ಆಗೈತೆ ಸಾ" ಅಂದ. ಅಳೆದು ನೋಡಿದೆ. 1.2 ಮೆಗಾಓಮ್ ಬಂದಿದ್ದು ಅದೇ ಮೂಲೆಯಲ್ಲಿ.