ಎಐಗೆ ದಿನಾ ಅದೇ ಕಥೆ ಹೇಳಿ ಸಾಕಾಯ್ತಾ? ಒಂದು ಫೈಲ್ ಮಾಡಿಡಿ

ಜೂನ್ ತಿಂಗಳ ಒಂದು ಬೆಳಿಗ್ಗೆ ಮಲ್ಪೆಯಿಂದ ಫೋನ್ ಬಂತು. "ನಾಡದೋಣಿಗೂ ರಜೆ ಕೊಟ್ಟಿದ್ದೀರಾ ಮಾರಾಯ್ರೆ?"

ನಮ್ಮದು ಮಂಗಳೂರಿನಲ್ಲಿ ಮೂರೇ ಜನರ ಆಫೀಸು. ಬೋಟ್ ಮಾಲೀಕರಿಗೆ ಡೀಸೆಲ್, ಐಸ್, ಮೀನಿನ ಲೆಕ್ಕ ಇಡುವ ಆ್ಯಪ್ ಮಾಡಿಕೊಟ್ಟಿದ್ದೇವೆ. ತೆರೆದು ನೋಡಿದರೆ ಆ್ಯಪ್ ಒಂದೇ ಒಂದು ಎಂಟ್ರಿಯನ್ನೂ ತೆಗೆದುಕೊಳ್ಳುತ್ತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ, ಸರಿ. ಆದರೆ ನಾಡದೋಣಿಯವರಿಗೆ ದುಡಿಮೆ ಶುರುವಾಗುವುದೇ ಆಗ. ಈ ವ್ಯತ್ಯಾಸವನ್ನು ಕೋಡ್ ಬರೆಯುವ ಎಐಗೆ ನಾನು ಹೇಳಿದ್ದೆ, ಅದು ಸರಿಯಾಗಿ ಬರೆದೂ ಇತ್ತು. ಹೇಳಿದ್ದು ಮಾರ್ಚ್‌ನಲ್ಲಿ. ಮೇ ತಿಂಗಳಲ್ಲಿ ಅದೇ ಫೈಲನ್ನು "ಸ್ವಲ್ಪ ಚೊಕ್ಕ ಮಾಡು" ಅಂತ ಮತ್ತೆ ಕೊಟ್ಟಾಗ ನಾಡದೋಣಿಯ ವಿನಾಯಿತಿ ಬೇಡದ ಸಾಲು ಅಂತ ಕಂಡಿರಬೇಕು, ತೆಗೆದುಹಾಕಿತ್ತು. ನಾನೂ ಊಟದ ಹೊತ್ತಲ್ಲಿ ಅರ್ಧಂಬರ್ಧ ನೋಡಿ ಸೇರಿಸಿಬಿಟ್ಟಿದ್ದೆ.

ಈ ಎಐ ಸಹಾಯಕಗಳಿಗೆ ತಾವಾಗಿಯೇ ನಿನ್ನೆ ಅನ್ನುವುದೇ ಇಲ್ಲ. ಹೊಸ ಸೆಷನ್, ಅಂದರೆ ಹೊಸ ಮಾತುಕತೆ, ತೆರೆದರೆ ಬಸ್ಸಿಗೆ ಹೊಸ ಕಂಡಕ್ಟರ್ ಬಂದ ಹಾಗೆ. ಹಳಬನಾದರೆ ಮುಖ ನೋಡಿಯೇ ಟಿಕೆಟ್ ಕೊಡುತ್ತಾನೆ, ಹೊಸಬನಿಗೆ ಎಲ್ಲಿ ಇಳಿಯುವುದು ಅಂತ ದಿನಾ ಹೇಳಬೇಕು. ಹಾಗಾಗಿ ನೆನಪನ್ನು ಹೊರಗೆ, ಒಂದು ಫೈಲಿನಲ್ಲಿ ಇಡಬೇಕು. ಸೆಷನ್ ಶುರುವಾದಾಗ ಅದು ಆ ಫೈಲನ್ನು ಓದಿಕೊಂಡೇ ಕೆಲಸಕ್ಕೆ ಕೂರುತ್ತದೆ. ಇಷ್ಟೇ ವಿಷಯ, ದೊಡ್ಡ ಮಾಯಾಜಾಲ ಏನಿಲ್ಲ.

ಫೈಲಿನ ಹೆಸರು ಮಾತ್ರ ಕೋಡ್ ಬರೆಯುವ ಒಂದೊಂದು ಎಐ ಟೂಲ್‌ಗೆ ಒಂದೊಂದು. ಕ್ಲಾಡ್ ಕೋಡ್ ಬಳಸುವವರು ಪ್ರಾಜೆಕ್ಟಿನ ಮುಖ್ಯ ಫೋಲ್ಡರಿನಲ್ಲಿ 'ಕ್ಲಾಡ್ ಡಾಟ್ ಎಂಡಿ' ಇಡಬೇಕು, ಜೆಮಿನಿ ಸಿಎಲ್‌ಐಗೆ 'ಜೆಮಿನಿ ಡಾಟ್ ಎಂಡಿ'. ಕೋಡೆಕ್ಸ್, ಕರ್ಸರ್ ಮುಂತಾದವು 'ಏಜೆಂಟ್ಸ್ ಡಾಟ್ ಎಂಡಿ' ಓದುತ್ತವೆ. ಎಲ್ಲ ಹೆಸರೂ ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ, ಕೊನೆಯ ಎಂಡಿ ಮಾತ್ರ ಸಣ್ಣಕ್ಷರದಲ್ಲಿ. ನಮ್ಮ ಮೂವರಲ್ಲಿ ಒಬ್ಬ ಒಂದು ಟೂಲ್ ಬಳಸಿದರೆ ಇನ್ನೊಬ್ಬ ಇನ್ನೊಂದು. ಅದಕ್ಕೆ ವಿಷಯವನ್ನೆಲ್ಲ ಏಜೆಂಟ್ಸ್ ಫೈಲಿನಲ್ಲಿ ಬರೆದು, ಕ್ಲಾಡ್ ಫೈಲಿನಲ್ಲಿ @ ಚಿಹ್ನೆ ಹಾಕಿ ಆ ಏಜೆಂಟ್ಸ್ ಫೈಲಿನ ಹೆಸರು ಬರೆದಿದ್ದೇವೆ. ಆ ಒಂದು ಸಾಲು ಸಾಕು, ಅದೇ ಒಳಗೆ ಎಳೆದುಕೊಳ್ಳುತ್ತದೆ. ಎರಡು ಕಡೆ ಬರೆದರೆ ಎರಡೇ ವಾರದಲ್ಲಿ ಒಂದು ಹಳತಾಗುತ್ತದೆ, ಗ್ಯಾರಂಟಿ.

ಕ್ಲಾಡ್ ಕೋಡ್‌ನಲ್ಲಿ 'ಸ್ಲ್ಯಾಶ್ ಇನಿಟ್' (/init) ಅಂತ ಕಮಾಂಡ್ ಕೊಟ್ಟರೆ ಅದೇ ಪ್ರಾಜೆಕ್ಟ್ ಓದಿ ಒಂದು ಕರಡು ಬರೆದುಕೊಡುತ್ತದೆ. ಶುರು ಮಾಡಲು ಒಳ್ಳೆಯದೇ, ಆದರೆ ಹಾಗೆಯೇ ಬಿಡಬೇಡಿ. "ಈ ಫೋಲ್ಡರಿನಲ್ಲಿ ಸ್ಕ್ರೀನ್‌ಗಳಿವೆ, ಆ ಫೋಲ್ಡರಿನಲ್ಲಿ ಟೆಸ್ಟ್‌ಗಳಿವೆ" ಅನ್ನುವಂಥ ಸಾಲುಗಳೇ ಜಾಸ್ತಿ ಇರುತ್ತವೆ. ಅದು ಫೋಲ್ಡರ್ ನೋಡಿದರೆ ಅದಕ್ಕೇ ಗೊತ್ತಾಗುವ ವಿಷಯ, ಅಲ್ವಾ? ಕೋಡ್ ಓದಿ ಗೊತ್ತಾಗದೇ ಇರುವುದನ್ನು ನಾವು ಬರೆಯಬೇಕು. ನಾನು ಇಟ್ಟುಕೊಂಡ ಲೆಕ್ಕ ಹೀಗೆ: ಒಂದೇ ಮಾತನ್ನು ಎರಡನೇ ಸಲ ಅದಕ್ಕೆ ಹೇಳಬೇಕಾಗಿ ಬಂತೋ, ಅದು ಫೈಲಿಗೆ ಹೋಗಬೇಕು. ಮೊದಲ ದಿನವೇ ಕೂತು ಎಲ್ಲ ಯೋಚಿಸಿ ಬರೆಯಲು ಹೋದರೆ ಬೇಡದ್ದೇ ತುಂಬುತ್ತದೆ.

ನಮ್ಮ ಫೈಲಿನಿಂದ ಒಂದಿಷ್ಟು ಸಾಲು ತೋರಿಸುತ್ತೇನೆ.

ಹಣ ಎಲ್ಲ ಕಡೆ ಪೈಸೆಯಲ್ಲಿ, ಪೂರ್ಣಸಂಖ್ಯೆ. ದಶಮಾಂಶ ಬೇಡ. ತೋರಿಸುವಾಗ ಮಾತ್ರ ರೂಪಾಯಿ.
ಲೆಕ್ಕದ ವರ್ಷ ಆಗಸ್ಟ್ 1ರಿಂದ ಜುಲೈ 31. ಏಪ್ರಿಲ್‌ನಿಂದ ಮಾರ್ಚ್ ಅಲ್ಲ. ಯಾಕೆಂದರೆ ಸೀಸನ್ ಶುರುವಾಗುವುದು ಆಗಸ್ಟ್‌ನಲ್ಲಿ.
ಜೂನ್, ಜುಲೈ ನಿಷೇಧ ಯಾಂತ್ರಿಕ ಬೋಟ್‌ಗೆ ಮಾತ್ರ. ನಾಡದೋಣಿಯ ಎಂಟ್ರಿ ಯಾವತ್ತೂ ತೆರೆದಿರಬೇಕು. ಈ ವಿನಾಯಿತಿ ತೆಗೆಯಬೇಡ.
ಬೂತಾಯಿ, ಬೈಗೆ ಎರಡೂ ಒಂದೇ ಮೀನು. ಒಂದೇ ಕೋಡ್.
ಹಳೆಯ ಮೈಗ್ರೇಶನ್ ಫೈಲ್ (ಡೇಟಾಬೇಸ್ ಬದಲಾವಣೆಯ ಫೈಲ್) ತಿದ್ದಬೇಡ. ಹೊಸದು ಸೇರಿಸು.

ನೋಡಿ, ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಪೆಟ್ಟಿದೆ. ಮೀನಿನ ಸಾಲು ಬಂದದ್ದು ಹೇಗೆ ಅಂದರೆ, ಕುಂದಾಪುರದ ಕಡೆಯವರು ಬೈಗೆ ಅಂತ ಹಾಕುತ್ತಿದ್ದರು, ಇಲ್ಲಿಯವರು ಬೂತಾಯಿ ಅಂತ, ಎಐ ಪಾಪ ಎರಡು ಬೇರೆ ಮೀನು ಅಂದುಕೊಂಡು ತಿಂಗಳ ವರದಿಯಲ್ಲಿ ಎರಡು ಸಾಲು ಮಾಡಿಟ್ಟಿತ್ತು, ಒಟ್ಟು ಲೆಕ್ಕ ತಾಳೆಯಾಗುತ್ತಿತ್ತು, ಹಾಗಾಗಿ ಬಹಳ ದಿನ ಯಾರಿಗೂ ಗೊತ್ತೇ ಆಗಲಿಲ್ಲ. ಇನ್ನೊಂದು ಗಮನಿಸಿ, ಕಾರಣ ಬರೆದ ಸಾಲನ್ನು ಅದು ಹೆಚ್ಚು ಚೆನ್ನಾಗಿ ಪಾಲಿಸುತ್ತದೆ. "ಸೀಸನ್ ಆಗಸ್ಟ್‌ನಲ್ಲಿ" ಅಂತ ಸೇರಿಸಿದ ಮೇಲೆ ವಾರ್ಷಿಕ ವರದಿಯ ತಲೆಬರಹವನ್ನೂ ನಾನು ಹೇಳದೆಯೇ ಸರಿಯಾಗಿ ಬರೆಯಿತು. "ಒಳ್ಳೆಯ ಕೋಡ್ ಬರಿ", "ಜಾಗ್ರತೆಯಿಂದ ಕೆಲಸ ಮಾಡು" ಅನ್ನುವ ಸಾಲುಗಳಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಪಾಲಿಸಿದೆಯಾ ಇಲ್ಲವಾ ಅಂತ ನೀವು ನೋಡಿ ಹೇಳಲು ಆಗಬೇಕು, ಅಂಥ ಸಾಲು ಬರೆಯಿರಿ. ಟೆಸ್ಟ್ ಓಡಿಸುವ ಕಮಾಂಡ್, ಆ್ಯಪ್ ಶುರು ಮಾಡುವ ಕಮಾಂಡ್ ಇವೆರಡನ್ನು ಮರೆಯದೆ ಹಾಕಿ.

ಉದ್ದ ಎಷ್ಟಿರಬೇಕು? ಕ್ಲಾಡ್ ಕೋಡ್‌ನ ಸೂಚನೆಯಲ್ಲೇ 200 ಸಾಲಿನೊಳಗೆ ಇರಲಿ ಅಂತಿದೆ. ನನ್ನ ಕೇಳಿದರೆ ಅದರ ಅರ್ಧವೇ ಸಾಕು. ಪ್ರತಿ ಸೆಷನ್‌ಗೂ ಇಡೀ ಫೈಲ್ ಒಳಗೆ ಹೋಗುತ್ತದೆ, ಟೋಕನ್ (ಎಐ ಓದುವಾಗ ಎಣಿಸುವ ಪದದ ಚೂರುಗಳು) ತಿನ್ನುತ್ತದೆ, ಸಾಲು ಹೆಚ್ಚಾದ ಹಾಗೆ ಮುಖ್ಯವಾದದ್ದೇ ಗುಂಪಿನಲ್ಲಿ ಕಳೆದುಹೋಗುತ್ತದೆ. ಹಾಗೆಯೇ, ಕನ್ನಡದಲ್ಲಿ ಬರೆದರೂ ಅರ್ಥ ಮಾಡಿಕೊಳ್ಳುತ್ತದೆ, ಆದರೆ ಅದೇ ಮಾತಿಗೆ ಇಂಗ್ಲಿಷ್‌ಗಿಂತ ಟೋಕನ್ ಜಾಸ್ತಿ ಬೇಕು. ನಿಜ ಹೇಳಬೇಕೆಂದರೆ ನಾವು ನಿಯಮಗಳನ್ನು ಇಂಗ್ಲಿಷ್‌ನಲ್ಲಿ ಬರೆದು ಮೀನಿನ ಹೆಸರು ಮಾತ್ರ ಕನ್ನಡದಲ್ಲಿ ಇಟ್ಟಿದ್ದೇವೆ. ಮೇಲೆ ತೋರಿಸಿದ್ದು ನಿಮಗೋಸ್ಕರ ಕನ್ನಡಕ್ಕೆ ತಂದದ್ದು.

ನಿಮ್ಮ ಸ್ವಂತ ಅಭ್ಯಾಸಗಳು, ಉದಾಹರಣೆಗೆ ಉತ್ತರ ಚಿಕ್ಕದಾಗಿರಲಿ ಅನ್ನುವಂಥದ್ದು, ಪ್ರಾಜೆಕ್ಟ್ ಫೈಲಿನಲ್ಲಿ ಬೇಡ. ಅದಕ್ಕೆ ಹೋಮ್ ಫೋಲ್ಡರಿನ 'ಡಾಟ್ ಕ್ಲಾಡ್' ಒಳಗೆ ಅದೇ ಹೆಸರಿನ ಇನ್ನೊಂದು ಫೈಲ್ ಇಡಬಹುದು, ಅದು ನಿಮ್ಮ ಎಲ್ಲ ಪ್ರಾಜೆಕ್ಟ್‌ಗೂ ಅನ್ವಯಿಸುತ್ತದೆ. ಪ್ರಾಜೆಕ್ಟಿನದ್ದನ್ನು ಕೋಡ್ ಜೊತೆಗೇ ಗಿಟ್‌ಗೆ (ತಂಡದವರು ಕೋಡ್ ಹಂಚಿಕೊಳ್ಳುವ ವ್ಯವಸ್ಥೆಗೆ) ಹಾಕಿ, ಎಲ್ಲರಿಗೂ ಸಿಗಲಿ. ಒಂದು ಉಪಫೋಲ್ಡರಿಗೆ ಮಾತ್ರ ಬೇಕಾದ ನಿಯಮ ಇದ್ದರೆ ಅಲ್ಲೇ ಒಂದು ಸಣ್ಣ ಫೈಲ್ ಇಡಿ, ಆ ಫೋಲ್ಡರಿನ ಫೈಲ್ ಓದುವಾಗ ಅದೂ ಬರುತ್ತದೆ. ಕ್ಲಾಡ್ ಕೋಡ್ ತಾನೇ ಟಿಪ್ಪಣಿ ಮಾಡಿಕೊಳ್ಳುವ ವ್ಯವಸ್ಥೆಯೂ ಇದೆ, ಆದರೆ ಅದು ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಪಕ್ಕದ ಮೇಜಿನವರಿಗೆ ಸಿಗುವುದಿಲ್ಲ.

ನಿಯಮದ ಫೈಲಿನಲ್ಲಿ "ಈಗ ಏನು ನಡೆಯುತ್ತಿದೆ" ಅನ್ನುವುದನ್ನು ಬೆರೆಸಬೇಡಿ. ಅದಕ್ಕೆ ನಾವು 'ನಿಂತ ಜಾಗ' ಅಂತ ಬೇರೆ ಫೈಲ್ ಇಟ್ಟಿದ್ದೇವೆ. ಸಂಜೆ ಮುಚ್ಚುವ ಮೊದಲು ಎಐಗೆ ಹೇಳುವುದು: ಏನು ಮುಗಿಯಿತು, ಏನು ಬಾಕಿ, ಯಾವ ದಾರಿ ಹಿಡಿದು ಕೈಬಿಟ್ಟೆವು, ಹತ್ತು ಸಾಲಿನಲ್ಲಿ ಬರಿ, ನಿನ್ನೆಯದನ್ನು ಅಳಿಸಿಬಿಡು. ಬೆಳಿಗ್ಗೆ ಮೊದಲ ಮಾತು, "ನಿಂತ ಜಾಗ ಓದಿ ಶುರು ಮಾಡು." ಕೈಬಿಟ್ಟ ದಾರಿ ಬರೆಸುವುದು ತುಂಬಾ ಮುಖ್ಯ, ಇಲ್ಲವಾದರೆ ಮರುದಿನ ಅದನ್ನೇ ಹೊಸ ಐಡಿಯಾ ಅಂತ ತಂದು ಮುಂದಿಡುತ್ತದೆ.

ಬರೆದ ಮೇಲೆ ಪರೀಕ್ಷೆ ಮಾಡಿ. ಹೊಸ ಸೆಷನ್ ತೆರೆದು ಸುಮ್ನೆ ಕೇಳಿ, "ಜುಲೈ 10ಕ್ಕೆ ನಾಡದೋಣಿಯ ಎಂಟ್ರಿ ಹಾಕಬಹುದಾ?" ಸರಿ ಉತ್ತರ ಬರದಿದ್ದರೆ 'ಸ್ಲ್ಯಾಶ್ ಮೆಮೊರಿ' ಕೊಟ್ಟು ಯಾವ ಯಾವ ಫೈಲ್ ಓದಿದೆ ನೋಡಿ. ಫೈಲ್ ತಪ್ಪು ಫೋಲ್ಡರಿನಲ್ಲಿ ಇರುತ್ತದೆ, ಅಥವಾ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಆಗಿರುತ್ತದೆ. ಸೆಷನ್ ಉದ್ದವಾದಾಗ ಹಳೆಯ ಮಾತುಕತೆಯನ್ನು ಅದು ಸಾರಾಂಶ ಮಾಡಿ ಕುಗ್ಗಿಸುತ್ತದೆ. ಮಾತಿನಲ್ಲಿ ಮಾತ್ರ ಹೇಳಿದ್ದು ಆಗ ಹಾರಿಹೋಗಬಹುದು, ಮುಖ್ಯ ಫೋಲ್ಡರಿನ ಫೈಲ್ ಮಾತ್ರ ಮತ್ತೆ ಓದಲ್ಪಡುತ್ತದೆ.

ಪಾಸ್‌ವರ್ಡ್, ಎಪಿಐ ಕೀ ಯಾವುದನ್ನೂ ಇದರಲ್ಲಿ ಬರೆಯಬೇಡಿ, ಗಿಟ್‌ಗೆ ಹೋಗುವ ಫೈಲ್ ಇದು. ಮತ್ತೆ, ಇದು ಬುದ್ಧಿಮಾತು ಅಷ್ಟೇ, ಬೀಗ ಅಲ್ಲ. ಬರೆದಿದ್ದರೂ ಒಮ್ಮೊಮ್ಮೆ ಮೀರುತ್ತದೆ. ನಾಡದೋಣಿಯ ವಿಷಯಕ್ಕೆ ಈಗ ಒಂದು ಟೆಸ್ಟ್ ಕೂಡ ಇದೆ, ವಿನಾಯಿತಿ ಯಾರೇ ತೆಗೆದರೂ ಅದು ಕೆಂಪಾಗಿ ತಪ್ಪು ತೋರಿಸುತ್ತದೆ, ತೆಗೆದವನು ನಾನೇ ಆದರೂ.

ತಿಂಗಳಿಗೊಮ್ಮೆ ಫೈಲ್ ಓದಿ ಕತ್ತರಿ ಹಾಕುತ್ತೇವೆ. ಹೋದ ವಾರ ಓದುವಾಗ ಮೂರು ತಿಂಗಳ ಹಿಂದೆಯೇ ಬಿಟ್ಟ ಪ್ರಿಂಟರ್ ಲೈಬ್ರರಿಯ ಬಗ್ಗೆ ನಾಲ್ಕು ಸಾಲು ಸಿಕ್ಕಿತು. ಪಾಪದ ಎಐ ಅಷ್ಟು ದಿನ ಅದನ್ನು ಹುಡುಕುತ್ತಲೇ ಇತ್ತಂತೆ. ತೆಗೆದೆ. ಈಗ 74 ಸಾಲಿದೆ.